24 ಇಂಚಿನ ಫೋಟೋ ಪ್ರಿಂಟರ್: ಕಂಪನಿಯ ಇಂಕ್ ಮತ್ತು ಬಾಟಲಿ ಇಂಕ್

ವಿಜಯಪುರದ ನಮ್ಮ ಸ್ಟುಡಿಯೋದಲ್ಲಿ ಮದುವೆಯ ಫೋಟೋಗಳನ್ನೂ, ಗೋಳಗುಮ್ಮಟ ಹಾಗೂ ಇಬ್ರಾಹಿಂ ರೋಜಾದ ದೊಡ್ಡ ಚಿತ್ರಗಳನ್ನೂ ಮುದ್ರಿಸುವುದು 24 ಇಂಚಿನ ಎಪ್ಸನ್ ಶ್ಯೂರ್‌ಕಲರ್ ಪಿ6000 ಯಂತ್ರದಲ್ಲಿ. ಇದಕ್ಕೆ ಕಂಪನಿಯ ಕಾರ್ಟ್ರಿಜ್ ಹಾಕಿಯೂ, ಇಂಕಿನ ಮಟ್ಟವನ್ನು ಯಂತ್ರಕ್ಕೆ ತಿಳಿಸುವ ಚಿಪ್ ಇರುವ ಖಾಲಿ ಕಾರ್ಟ್ರಿಜ್‌ಗೆ ಬೇರೆ ತಯಾರಕರ ಬಾಟಲಿ ಇಂಕ್ ತುಂಬಿಸಿಯೂ ದುಡಿಸಿ ನೋಡಿದ್ದೇನೆ.

ಮಿಲಿಲೀಟರಿನ ದರವೊಂದನ್ನೇ ನೋಡಿದರೆ ಬಾಟಲಿ ಇಂಕ್ ಬಹಳ ಅಗ್ಗ. ಆದರೆ ಬಣ್ಣ ಸರಿಹೊಂದಬೇಕಾದರೆ ಬಳಸುವ ಪ್ರತಿಯೊಂದು ಬಗೆಯ ಕಾಗದಕ್ಕೂ ಹೊಸ ಪ್ರೊಫೈಲ್ (ಆ ಇಂಕ್ ಮತ್ತು ಕಾಗದಕ್ಕೆ ಬಣ್ಣ ಹೊಂದಿಸುವ ಫೈಲ್) ಮಾಡಿಸಬೇಕಾಗುತ್ತದೆ, ಮತ್ತು ಇಂಕಿನ ಬ್ಯಾಚ್ ಬದಲಾದಾಗ ವಧುವಿನ ಮುಖದ ಬಣ್ಣ ಹಸಿರಿಗೆ ವಾಲಿ, ಒಳ್ಳೆಯ ಕಾಗದ ರದ್ದಿಗೆ ಹೋಗುತ್ತದೆ. ಬೇಸಿಗೆಯಲ್ಲಿ ಬಾಟಲಿ ಇಂಕ್ ಇನ್ನಷ್ಟು ದುಬಾರಿ. ಈ ಯಂತ್ರ 35 ಡಿಗ್ರಿ ಸೆಲ್ಸಿಯಸ್‌ವರೆಗಿನ ಕೋಣೆಗೆ ತಕ್ಕದ್ದು. ನಮ್ಮಲ್ಲಿ ಏಪ್ರಿಲ್, ಮೇ ತಿಂಗಳುಗಳಲ್ಲಿ ಹೊರಗಿನ ಬಿಸಿಲು 40 ದಾಟುತ್ತದೆ. ಆ ಒಣಹವೆಯಲ್ಲಿ ಬಾಟಲಿ ಇಂಕ್ ಹಾಕಿದ್ದಾಗ ನಾಜಲ್‌ಗಳು (ಇಂಕ್ ಚಿಮ್ಮುವ ಸಣ್ಣ ರಂಧ್ರಗಳು) ಪದೇ ಪದೇ ಕಟ್ಟಿಕೊಂಡವು. ನಾಜಲ್‌ಗಳಿರುವ ಭಾಗವಾದ ಹೆಡ್ ಅನ್ನು ಕ್ಲೀನಿಂಗ್ ಮಾಡಿದಾಗಲೆಲ್ಲ ಇಂಕ್ ಕಾಗದಕ್ಕೆ ಬೀಳದೆ, ವ್ಯರ್ಥ ಇಂಕ್ ಸಂಗ್ರಹವಾಗುವ ಮೇಂಟೆನೆನ್ಸ್ ಟ್ಯಾಂಕ್ ಸೇರುತ್ತದೆ, ಅದು ತುಂಬಿದರೆ ಅದನ್ನೂ ಹೊಸದಾಗಿ ಕೊಳ್ಳಬೇಕು. ಹೆಡ್ ಯಂತ್ರದೊಳಗೇ ಇರುವಂಥದ್ದು, ಕಾರ್ಟ್ರಿಜ್‌ನೊಂದಿಗೆ ಬದಲಾಗುವುದಿಲ್ಲ. ಅದು ಕೆಟ್ಟರೆ ಇಂಕಿನಲ್ಲಿ ಉಳಿಸಿದ್ದೆಲ್ಲ ಅಲ್ಲಿಗೇ ಹೋಗುತ್ತದೆ.

ಕಂಪನಿಯ ಇಂಕಿನಲ್ಲೇ ಇರುವ ಉಳಿತಾಯವನ್ನು ಬಹುಮಂದಿ ಗಮನಿಸುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಕಾರ್ಟ್ರಿಜ್ 350 ಮತ್ತು 700 ಮಿಲಿಲೀಟರಿನಲ್ಲಿ ಬರುತ್ತದೆ. ದೊಡ್ಡದರಲ್ಲಿ ಮಿಲಿಲೀಟರಿನ ಬೆಲೆ ಕಡಿಮೆ. ಹಾಗೆಂದು ಎಲ್ಲ ಬಣ್ಣಕ್ಕೂ ದೊಡ್ಡದನ್ನೇ ತರಬಾರದು, ಏಕೆಂದರೆ ಹಾಕಿದ ಕಾರ್ಟ್ರಿಜ್ ಅನ್ನು ಆರು ತಿಂಗಳೊಳಗೆ ಮುಗಿಸಬೇಕೆಂಬುದು ಕಂಪನಿಯದೇ ಸೂಚನೆ. ಮುಖಗಳೇ ತುಂಬಿರುವ ಮದುವೆಯ ಕೆಲಸದಲ್ಲಿ ಬೇಗ ತೀರುವ ತಿಳಿ ಮಜೆಂಟಾಕ್ಕೆ 700, ನಿಧಾನವಾಗಿ ಇಳಿಯುವ ಬಣ್ಣಗಳಿಗೆ 350 ಎಂಬುದು ನಮ್ಮ ಕ್ರಮ. ಹೊಳಪಿನ ಕಾಗದಕ್ಕೆ ಬಳಸುವ ಫೋಟೋ ಕಪ್ಪು ಮತ್ತು ಹೊಳಪಿಲ್ಲದ ಮ್ಯಾಟ್ ಕಾಗದಕ್ಕೆ ಬಳಸುವ ಮ್ಯಾಟ್ ಕಪ್ಪು ಒಂದೇ ದಾರಿಯಲ್ಲಿ ಹರಿಯುವುದರಿಂದ ಒಂದರಿಂದ ಇನ್ನೊಂದಕ್ಕೆ ಬದಲಿಸಿದಾಗಲೂ ಇಂಕ್ ವ್ಯರ್ಥವಾಗುತ್ತದೆ. ಆದ್ದರಿಂದ ಮ್ಯಾಟ್ ಕಾಗದದ ಆರ್ಡರ್‌ಗಳನ್ನು ಕೂಡಿಟ್ಟು ಒಮ್ಮೆಗೇ ಮುದ್ರಿಸುತ್ತೇವೆ.

ಹೀಗಾಗಿ ಗಿರಾಕಿ ಗೋಡೆಗೆ ತೂಗುಹಾಕಿ ವರ್ಷಗಟ್ಟಲೆ ಇಡುವ ಚಿತ್ರಕ್ಕೆ ಕಂಪನಿಯ ಇಂಕೇ ಸರಿ. ಕೆಲವೇ ದಿನ ಇರುವ ಪೋಸ್ಟರುಗಳನ್ನು ನಿತ್ಯವೂ ಬಿಡುವಿಲ್ಲದೆ ಮುದ್ರಿಸುವವರಿಗೆ ಬಾಟಲಿ ಇಂಕ್ ಲಾಭ ತರಬಲ್ಲದು. ಯಂತ್ರ ಹಳೆಯದಾಗಿದ್ದು, ವಾರಂಟಿ ಮುಗಿದಿದ್ದರೆ ಮಾತ್ರ.

ಎರಡಕ್ಕೂ ಅನ್ವಯಿಸುವ ಒಂದು ಉಳಿತಾಯ ಕಾಗದದಲ್ಲಿದೆ: 24 ಇಂಚು, ಅಂದರೆ 610 ಮಿಲಿಮೀಟರ್ ಅಗಲದ ರೋಲಿನಲ್ಲಿ ಎ2 ಚಿತ್ರದ 594 ಮಿಲಿಮೀಟರಿನ ಬದಿಯನ್ನು ಅಡ್ಡಲಾಗಿ ಇಟ್ಟರೆ ರೋಲಿನ ಉದ್ದ 420 ಮಿಲಿಮೀಟರ್ ಸಾಕು, ಉದ್ದುದ್ದ ಇಟ್ಟರೆ 594 ಬೇಕು.