ಸಾವಿನ ಬೆಲೆ ಯಾರಿಗೆ ಎಷ್ಟು: ಮೂರು ಅಸಮ ಶೂಟರ್ ಆಟಗಳ ಹೋಲಿಕೆ

ಎರಡೂ ತಂಡಗಳಿಗೆ ಒಂದೇ ಬಂದೂಕು, ಒಂದೇ ವೇಗ, ಒಂದೇ ಪ್ರಮಾಣದ ಹೆಲ್ತ್ (ಸಾಯುವ ಮೊದಲು ತಾಳಿಕೊಳ್ಳಬಲ್ಲ ಪೆಟ್ಟಿನ ಅಳತೆ) ಇರುವ ಶೂಟರ್ ಆಟದಲ್ಲಿ ಸಮತೋಲನವೆಂಬುದು ಬಹುಮಟ್ಟಿಗೆ ಆಟ ನಡೆಯುವ ಜಾಗಕ್ಕೆ, ಅಂದರೆ ಮ್ಯಾಪ್‌ಗೆ ಸಂಬಂಧಿಸಿದ ಪ್ರಶ್ನೆ. ಒಂದು ತಂಡಕ್ಕೆ ಬಂದೂಕನ್ನೂ ಇನ್ನೊಂದಕ್ಕೆ ಉಗುರು-ಹಲ್ಲುಗಳನ್ನೂ ಕೊಟ್ಟ ಕೂಡಲೇ ಆ ಸರಳತೆ ಇಲ್ಲವಾಗುತ್ತದೆ. ಯಾವುದು ಯಾವುದಕ್ಕೆ ಸಮ ಎಂದು ತೂಗಿ ನೋಡಲು ಎರಡಕ್ಕೂ ಹೊಂದುವ ತಕ್ಕಡಿಯೇ ಸಿಗುವುದಿಲ್ಲ. ಅಂಥದೊಂದು ಸಣ್ಣ ಆಟವನ್ನು ಗೆಳೆಯರೊಂದಿಗೆ, ಆಟಗಳನ್ನು ಕಟ್ಟುವ ತಂತ್ರಾಂಶವಾದ ಗೋಡೋ ಎಂಜಿನ್‌ನಲ್ಲಿ ಕಟ್ಟುತ್ತಿರುವುದರಿಂದ, ಈ ಸಮಸ್ಯೆಯನ್ನು ಮೂರು ಬೇರೆ ಬೇರೆ ದಾರಿಗಳಲ್ಲಿ ಬಿಡಿಸಿದ ಮೂರು ಆಟಗಳನ್ನು ನಾನು ಅಕ್ಕಪಕ್ಕದಲ್ಲಿಟ್ಟು ನೋಡಿದ್ದೇನೆ. ವಾಲ್ವ್ ಕಂಪನಿಯ ಲೆಫ್ಟ್ 4 ಡೆಡ್ 2 (2009) ಆಟದ ವರ್ಸಸ್ ವಿಧಾನ ಮೊದಲನೆಯದು, ಟರ್ಟಲ್ ರಾಕ್ ಸ್ಟುಡಿಯೋದ ಇವಾಲ್ವ್ (2015) ಎರಡನೆಯದು, ಅನ್‌ನೋನ್ ವರ್ಲ್ಡ್ಸ್‌ನ ನ್ಯಾಚುರಲ್ ಸೆಲೆಕ್ಷನ್ 2 (2012) ಮೂರನೆಯದು. ಇವಾಲ್ವ್ ಆಟವನ್ನು ಅದರ ಸರ್ವರ್‌ಗಳು ನಡೆಯುತ್ತಿದ್ದ ಕಾಲದಲ್ಲಿ ಆಡಿದ್ದು. ಉಳಿದೆರಡನ್ನು ಅದೇ ಗೆಳೆಯರ ಬಳಗದೊಂದಿಗೆ ಈಚೆಗೆ ಮತ್ತೆ ಆಡಿ ನೋಡಿದೆ. ಬಳಗದಲ್ಲಿ ಚೆನ್ನಾಗಿ ಗುರಿಯಿಡಬಲ್ಲವರೂ ಇದ್ದರು, ಮೌಸ್ ಹಿಡಿದು ಶೂಟರ್ ಆಡಿಯೇ ಗೊತ್ತಿಲ್ಲದವರೂ ಇದ್ದರು. ಸಮತೋಲನದ ಪರೀಕ್ಷೆಗೆ ಇಂಥ ಮಿಶ್ರ ಬಳಗವೇ ಬೇಕು.

ಆಡುತ್ತ ಹೋದಂತೆ ನನಗೆ ಖಚಿತವಾದ ವಿಷಯ ಒಂದೇ. ಅಸಮ ಆಟದ ವಿನ್ಯಾಸಕರು ಡ್ಯಾಮೇಜ್ ಅಂಕಿಗಳನ್ನು, ಅಂದರೆ ಯಾವ ಪೆಟ್ಟು ಎಷ್ಟು ಹೆಲ್ತ್ ಕಳೆಯುತ್ತದೆ ಎಂಬುದನ್ನು, ಮುಟ್ಟುವ ಮೊದಲು, ಸತ್ತ ಆಟಗಾರರು ಏನನ್ನು ಕಳೆದುಕೊಳ್ಳುತ್ತಾರೆ ಎಂಬುದನ್ನು ಎರಡೂ ಪಕ್ಷಗಳಿಗೆ ಪ್ರತ್ಯೇಕವಾಗಿ ನಿರ್ಧರಿಸಬೇಕು. ಉಳಿದ ಅಂಕಿಗಳೆಲ್ಲ ಆ ನಿರ್ಧಾರದ ಹಿಂದೆ ಬರುತ್ತವೆ.

ಅಳತೆಗೋಲಾಗಿ ಎಲ್ಲರಿಗೂ ಪರಿಚಿತವಾದ ಕೌಂಟರ್-ಸ್ಟ್ರೈಕ್ ಅನ್ನು ತೆಗೆದುಕೊಳ್ಳಬಹುದು. ಅಲ್ಲಿಯೂ ಅಸಮತೆ ಇದೆ: ದಾಳಿ ಮಾಡುವವರ ಎಕೆ-47ರ ಒಂದು ಗುಂಡು ಹೆಲ್ಮೆಟ್ ಧರಿಸಿದ ತಲೆಗೂ ಸಾಕು, ರಕ್ಷಿಸುವವರ ಎಂ4ಗೆ ಬೆಲೆ ಹೆಚ್ಚಿದ್ದರೂ ಆ ಶಕ್ತಿ ಇಲ್ಲ, ಬಾಂಬ್ ನೆಟ್ಟ 40 ಸೆಕೆಂಡುಗಳೊಳಗೆ ಅದನ್ನು ನಿಷ್ಕ್ರಿಯಗೊಳಿಸಲು ಕಿಟ್ ಇದ್ದವರಿಗೆ 5 ಸೆಕೆಂಡು, ಇಲ್ಲದವರಿಗೆ 10 ಸೆಕೆಂಡು ಬೇಕು. ಆದರೆ ಸತ್ತವರು ಯಾವ ಪಕ್ಷದವರಾದರೂ ಕಳೆದುಕೊಳ್ಳುವುದು ಅದೇ ಎರಡನ್ನು, ಆ ಸುತ್ತಿನ ಉಳಿದ ಸಮಯವನ್ನು ಮತ್ತು ಕೈಯಲ್ಲಿದ್ದ ಬಂದೂಕನ್ನು. ಹಾಗಾಗಿ ಅದರ ಅಸಮತೆ ಮೇಲ್ಪದರದ್ದು. ನಾನು ಹೋಲಿಸುವ ಮೂರೂ ಆಟಗಳಲ್ಲಿ ಅಸಮತೆ ಬೇರಿಗೇ ಇಳಿದಿದೆ.

ಲೆಫ್ಟ್ 4 ಡೆಡ್ 2ರ ವರ್ಸಸ್ ವಿಧಾನದಲ್ಲಿ ನಾಲ್ವರು ಬದುಕುಳಿದ ಮನುಷ್ಯರು ಒಂದು ಸುರಕ್ಷಿತ ಕೋಣೆಯಿಂದ ಮುಂದಿನ ಸುರಕ್ಷಿತ ಕೋಣೆಯನ್ನು ತಲುಪಬೇಕು, ಸೋಂಕು ತಗುಲಿ ವಿಕಾರ ಜೀವಿಗಳಾದ ನಾಲ್ವರು ಸೋಂಕಿತರು ಅವರನ್ನು ತಡೆಯಬೇಕು. ಒಂದು ಅಧ್ಯಾಯ ಮುಗಿದ ಕೂಡಲೇ ತಂಡಗಳು ಪಾತ್ರ ಬದಲಿಸಿ ಅದೇ ದಾರಿಯನ್ನು ಮತ್ತೆ ಆಡುತ್ತವೆ. ಎಷ್ಟು ದೂರ ಸಾಗಿದರು ಎಂಬುದರ ಮೇಲೆ ಅಂಕ. ಕಬಡ್ಡಿಯಲ್ಲಿ ಏಳು ಮಂದಿಯ ಅಂಗಳಕ್ಕೆ ಒಬ್ಬನೇ ನುಗ್ಗುವುದನ್ನು ನಾವು ಅನ್ಯಾಯವೆನ್ನುವುದಿಲ್ಲ, ಏಕೆಂದರೆ 30 ಸೆಕೆಂಡುಗಳ ನಂತರ ಎದುರಿನವರ ಸರದಿ ಬರುತ್ತದೆ. ಇಲ್ಲಿಯೂ ನ್ಯಾಯ ದೊರೆಯುವುದು ಸರದಿಯಿಂದ. ವಿನ್ಯಾಸಕರಿಗೆ ಇದರಿಂದ ಸಿಗುವ ಬಿಡುವು ಬಹಳ ದೊಡ್ಡದು. ಮನುಷ್ಯರ ಪಕ್ಷವೂ ಸೋಂಕಿತರ ಪಕ್ಷವೂ ಸಮಬಲದ್ದೆಂದು ಸಾಧಿಸುವ ಹೊಣೆಯೇ ಅವರ ಮೇಲಿಲ್ಲ. ಒಂದು ಅಧ್ಯಾಯದಲ್ಲಿ ಮನುಷ್ಯರು ಅರ್ಧ ದಾರಿಯಲ್ಲೇ ಸಾಯುವುದು ವಾಡಿಕೆಯಾಗಿದ್ದರೂ ಪಂದ್ಯ ಕೆಡುವುದಿಲ್ಲ. ಯಾರು ಇನ್ನೂ ಹತ್ತು ಹೆಜ್ಜೆ ಮುಂದೆ ಸತ್ತರು ಎಂಬುದೇ ಅಲ್ಲಿ ಸ್ಪರ್ಧೆಯಾಗುತ್ತದೆ.

ಈ ಆಟದಲ್ಲಿ ಸಾವಿನ ಬೆಲೆ ಎರಡು ಪಕ್ಷಗಳಿಗೆ ತೀರ ಬೇರೆ. ಸೋಂಕಿತರಲ್ಲಿ ಹಂಟರ್, ಸ್ಮೋಕರ್, ಬೂಮರ್ ಮುಂತಾದ ಬಗೆಗಳಿವೆ; ಹಂಟರ್ ಆಗಲಿ ಸ್ಮೋಕರ್ ಆಗಲಿ ಸತ್ತರೆ ಸ್ವಲ್ಪ ಹೊತ್ತು ಕಾದು ಮತ್ತೆ ಹುಟ್ಟುತ್ತದೆ. ಮನುಷ್ಯರು ಸತ್ತರೆ ಅವರ ಬಂದೂಕು ಅಧ್ಯಾಯದ ಕೊನೆಯವರೆಗೆ ಮೌನವಾದಂತೆಯೇ. ಸೋಂಕಿತರ ಹೆಲ್ತ್ ಅಷ್ಟು ಕಡಿಮೆ ಇರಲು ಸಾಧ್ಯವಾದದ್ದು ಇದರಿಂದ. ಬೂಮರ್‌ಗೆ ಇರುವುದು 50, ಹಂಟರ್‌ಗೆ 250. ಒಳ್ಳೆಯ ಶಾಟ್‌ಗನ್ ಎದುರಿಗೆ ಬಂದರೆ ಇವೆರಡೂ ನಿಲ್ಲಲಾರವು. ಆದರೆ ಅವು ಎದುರಿಗೆ ಬರಬೇಕಾಗಿಲ್ಲ. ಮತ್ತೆ ಹುಟ್ಟುವ ಮೊದಲು ಸೋಂಕಿತರು ದೆವ್ವದ ರೂಪದಲ್ಲಿ ಮ್ಯಾಪ್ ತುಂಬ ಓಡಾಡಿ, ಮನುಷ್ಯರ ಕಣ್ಣಿಗೆ ಬೀಳದ ಜಾಗವನ್ನು ಆರಿಸಿಕೊಂಡು ಅಲ್ಲಿ ಮೈತಳೆಯುತ್ತಾರೆ. ಬಂದೂಕಿನವರಿಗೆ ದೂರದ ಬಲವಿದ್ದರೆ ಉಗುರಿನವರಿಗೆ ಜಾಗ ಆರಿಸುವ ಬಲವಿದೆ. ಜೊತೆಗೆ, ಯಾರು ಯಾವ ಸೋಂಕಿತರಾಗುತ್ತಾರೆ ಎಂಬುದನ್ನು ಆಟವೇ ಹಂಚುತ್ತದೆ. ಇದು ಚಿಕ್ಕ ವಿಷಯದಂತೆ ಕಾಣುತ್ತದೆ, ಆದರೆ ನಾಲ್ವರೂ ಸೇರಿ ಅತಿಬಲದ ಒಂದೇ ಜೋಡಣೆಯನ್ನು ಪ್ರತಿ ಬಾರಿ ಆರಿಸಿಕೊಳ್ಳುವ ದಾರಿ ಇದರಿಂದ ಮುಚ್ಚಿಹೋಗುತ್ತದೆ. ಬೂಮರ್ ವಾಂತಿ ಮಾಡಿ ಕಣ್ಣು ಕಟ್ಟಿದಾಗ, ಅದೇ ಕ್ಷಣಕ್ಕೆ ಚಾರ್ಜರ್ ಗುಂಪನ್ನು ಸೀಳಿಕೊಂಡು ಒಬ್ಬರನ್ನು ಹೊತ್ತೊಯ್ದಾಗ, ಸ್ಪಿಟರ್‌ನ ಆಮ್ಲ ಬಿದ್ದವರ ಮೇಲೆಯೇ ಹರಡಿದಾಗ, ನಾಲ್ಕು ದುರ್ಬಲ ಜೀವಿಗಳು ಒಂದು ಪ್ರಬಲ ಜೀವಿಯಾಗುವುದನ್ನು ಕಾಣಬಹುದು. ಇಷ್ಟು ಕಡಿಮೆ ಅಂಶಗಳಿಂದ ಇಷ್ಟು ವೈವಿಧ್ಯ ಹುಟ್ಟಿಸಿದ ಬೇರೊಂದು ಶೂಟರ್ ನನಗೆ ಸಿಕ್ಕಿಲ್ಲ.

ಇದರ ದೌರ್ಬಲ್ಯ ಇರುವುದು ಒಬ್ಬೊಬ್ಬರ ಮೇಲೆ ಬೀಳುವ ಭಾರದಲ್ಲಿ. ಸಿಕ್ಕಿಬಿದ್ದ ಮನುಷ್ಯರು ಸಾಮಾನ್ಯವಾಗಿ ತಮ್ಮನ್ನು ತಾವೇ ಬಿಡಿಸಿಕೊಳ್ಳಲಾರರು, ಜೊತೆಯವರು ಬಂದು ಬಿಡಿಸಬೇಕು. ನಾಲ್ವರಲ್ಲಿ ಒಬ್ಬರು ಹೊಸಬರಾಗಿದ್ದರೆ ಎದುರಾಳಿಗಳು ಮೊದಲು ಹುಡುಕುವುದು ಅವರನ್ನೇ. ನಮ್ಮ ಬಳಗದಲ್ಲಿ ಹೊಸಬರಿಗೆ ಸೋಂಕಿತರ ಸರದಿ ಖುಷಿ ಕೊಡುತ್ತಿತ್ತು, ಮನುಷ್ಯರ ಸರದಿ ಶಿಕ್ಷೆಯಾಗುತ್ತಿತ್ತು. ಸರದಿಯಿಂದ ಬರುವ ನ್ಯಾಯ ತಂಡಗಳ ನಡುವಿನದು. ತಂಡದೊಳಗೆ ಅದು ಏನನ್ನೂ ಸರಿಪಡಿಸುವುದಿಲ್ಲ.

ಇವಾಲ್ವ್ ಹಿಡಿದದ್ದು ಹೆಚ್ಚು ಸಾಹಸದ ದಾರಿ. ನಾಲ್ವರು ಬೇಟೆಗಾರರ ಎದುರು ಒಂದೇ ದೈತ್ಯಜೀವಿ, ಅದನ್ನು ಆಡಿಸುವವರು ಒಬ್ಬರೇ. ಆ ಜೀವಿ ಕಾಡಿನ ಪ್ರಾಣಿಗಳನ್ನು ತಿಂದು ಕವಚ ಬೆಳೆಸಿಕೊಳ್ಳುತ್ತದೆ, ಮೂರನೆಯ ಹಂತದವರೆಗೆ ವಿಕಾಸಗೊಳ್ಳುತ್ತದೆ. ಯಾವ ಹಂತದಲ್ಲಾದರೂ ಬೇಟೆಗಾರರನ್ನೆಲ್ಲ ಕೊಂದೋ, ಮೂರನೆಯ ಹಂತ ತಲುಪಿದ ಮೇಲೆ ವಿದ್ಯುತ್ ಕೇಂದ್ರವನ್ನು ಕೆಡವಿಯೋ ಗೆಲ್ಲಬಹುದು. ಬೇಟೆಗಾರರಲ್ಲಿ ಅಸಾಲ್ಟ್, ಟ್ರ್ಯಾಪರ್, ಮೆಡಿಕ್, ಸಪೋರ್ಟ್ ಎಂಬ ನಾಲ್ಕು ಕೆಲಸಗಳು. ಮೊದಲ ಲೆಫ್ಟ್ 4 ಡೆಡ್ ಆಟವನ್ನು ಆರಂಭಿಸಿದವರೂ ಟರ್ಟಲ್ ರಾಕ್‌ನವರೇ ಆದ್ದರಿಂದ ಎರಡನ್ನೂ ಪಕ್ಕಪಕ್ಕದಲ್ಲಿ ನೋಡುವುದು ಬಹಳ ಕಲಿಸುತ್ತದೆ.

ಇಲ್ಲಿ ಸಾವಿನ ಬೆಲೆ ತಲೆಕೆಳಗಾಗಿದೆ. ಬೇಟೆಗಾರರು ಸತ್ತರೆ ಸುಮಾರು ಎರಡು ನಿಮಿಷ ಕಾದು ಡ್ರಾಪ್‌ಶಿಪ್‌ನಲ್ಲಿ ಮರಳುತ್ತಾರೆ, ದೈತ್ಯಜೀವಿ ಸತ್ತರೆ ಪಂದ್ಯವೇ ಮುಗಿಯುತ್ತದೆ. ಹೀಗಿರುವಾಗ ವಿವೇಕಿಯಾದ ದೈತ್ಯಜೀವಿ ಮೊದಲ ಹಂತದಲ್ಲಿ ಹೋರಾಡುವುದಿಲ್ಲ, ಓಡುತ್ತದೆ. ಓಡುವುದೇ ಸರಿಯಾದ ಆಟವಾದಾಗ ಬೆನ್ನಟ್ಟುವ ನಾಲ್ವರ ಪಾಲಿಗೆ ಬಹಳ ಹೊತ್ತು ಹೆಜ್ಜೆಗುರುತುಗಳನ್ನು ನೋಡುತ್ತ ನಡೆಯುವುದು ಮಾತ್ರ ಉಳಿಯುತ್ತದೆ. ವಿನ್ಯಾಸಕರು ಇದನ್ನು ಚೆನ್ನಾಗಿಯೇ ಅರಿತಿದ್ದರು. ಬೆಚ್ಚಿ ಹಾರುವ ಹಕ್ಕಿಗಳು ದೈತ್ಯಜೀವಿಯ ಜಾಡನ್ನು ಬಿಟ್ಟುಕೊಡುತ್ತವೆ. ಟ್ರ್ಯಾಪರ್ ಒಂದು ಗುಮ್ಮಟವನ್ನು ಕವಿಸಿ ಅದನ್ನು ಒಳಗೆ ಕೂಡಿಹಾಕಿ, ಹೋರಾಟವನ್ನು ಬಲವಂತವಾಗಿ ಆರಂಭಿಸಬಹುದು. ಆದರೆ ಆಟದ ಅತಿ ಮುಖ್ಯವಾದ ಈ ಸಾಧನ ಒಬ್ಬರ ಕೈಯಲ್ಲಿ ಮಾತ್ರ ಇತ್ತು. ನಮ್ಮಲ್ಲಿ ಅನುಭವಿಗಳು ಟ್ರ್ಯಾಪರ್ ಆಗಿದ್ದಾಗ ದೈತ್ಯಜೀವಿಗೆ ಉಸಿರಾಡಲು ಬಿಡುವಿರಲಿಲ್ಲ, ಹೊಸಬರು ಆಗಿದ್ದಾಗ ಅದನ್ನು ಮುಟ್ಟಲೂ ಆಗುತ್ತಿರಲಿಲ್ಲ. ಎರಡೂ ಬಗೆಯ ಪಂದ್ಯಗಳ ಗೆಲುವುಗಳನ್ನು ಕೂಡಿಸಿ ಸರಾಸರಿ ತೆಗೆದರೆ ಸಮತೋಲನವಿದೆ ಎಂದೇ ಕಾಣುತ್ತದೆ. ಆದರೆ ಆ ಸರಾಸರಿಯಂತೆ ನಡೆದ ಪಂದ್ಯ ಒಂದೂ ಇರುವುದಿಲ್ಲ. ಎರಡೂ ಪಕ್ಷಗಳ ಗೆಲುವಿನ ಪ್ರಮಾಣವನ್ನು ಅರ್ಧರ್ಧಕ್ಕೆ ತಂದರೆ ಕೆಲಸ ಮುಗಿಯಿತು ಎಂದು ನಂಬುವ ವಿನ್ಯಾಸಕರು ಈ ಒಂದು ಆಟವನ್ನಾದರೂ ಅಧ್ಯಯನ ಮಾಡಲೇಬೇಕು.

2016ರ ಜುಲೈನಲ್ಲಿ ಇದೇ ಆಟ ಇವಾಲ್ವ್ ಸ್ಟೇಜ್ 2 ಎಂಬ ಹೆಸರಿನಲ್ಲಿ ಉಚಿತವಾಗಿ ಮರಳಿದಾಗ ಗುಮ್ಮಟವನ್ನು ಕವಿಸುವ ಶಕ್ತಿ ಎಲ್ಲ ಬೇಟೆಗಾರರಿಗೂ ಸಿಕ್ಕಿತು. ಒಂದೂ ಡ್ಯಾಮೇಜ್ ಅಂಕಿಯನ್ನು ಮುಟ್ಟದೆ ಮಾಡಬಹುದಾದ ಈ ಒಂದು ಬದಲಾವಣೆ ನಮ್ಮ ಪಂದ್ಯಗಳನ್ನು ಎಷ್ಟು ಬದಲಿಸಿತೆಂದರೆ, ಹೋರಾಟಗಳು ಬೇಗ ಆರಂಭವಾದವು ಮತ್ತು ದುರ್ಬಲ ಆಟಗಾರರ ಮೇಲೆ ಜೊತೆಯವರು ರೇಗುವುದು ನಿಂತಿತು. ಟ್ರ್ಯಾಪರ್‌ನ ವೈಶಿಷ್ಟ್ಯ ಅದರಿಂದ ಮಂಕಾಯಿತು ಎಂಬುದೂ ನಿಜ. ಆದರೂ ಆ ಬೆಲೆ ಕೊಡಲು ಯೋಗ್ಯವಾಗಿತ್ತು ಎಂದು ನನ್ನ ಅಭಿಪ್ರಾಯ. ಅದೇ ವರ್ಷದ ಅಕ್ಟೋಬರ್‌ನಲ್ಲಿ ಅಭಿವೃದ್ಧಿ ನಿಂತಿತು, 2018ರ ಸೆಪ್ಟೆಂಬರ್‌ನಲ್ಲಿ ಆಟದ ಸರ್ವರ್‌ಗಳು ಮುಚ್ಚಿದವು.

ನಾಲ್ವರ ಎದುರು ಒಬ್ಬರೇ ನಿಲ್ಲುವ ರೋಮಾಂಚನವನ್ನು ಲೆಫ್ಟ್ 4 ಡೆಡ್ 2 ಕೂಡ ಕೊಡುತ್ತದೆ, ಟ್ಯಾಂಕ್ ಎಂಬ ಮಹಾಕಾಯದ ಮೂಲಕ. ವರ್ಸಸ್‌ನಲ್ಲಿ ಅದಕ್ಕೆ 6000 ಹೆಲ್ತ್ ಇದೆ. ಆದರೆ ಅದು ಸತ್ತರೆ ಪಂದ್ಯ ಮುಗಿಯುವುದಿಲ್ಲ. ಅದನ್ನು ಪಡೆದವರು ಹೋರಾಡದೆ ಅಡಗಿ ಕುಳಿತರೆ ಹಿಡಿತ ಜಾರಿ ಮತ್ತೊಬ್ಬರ ಕೈಗೆ ಹೋಗುತ್ತದೆ. ಓಡುವುದನ್ನು ತಡೆಯಲು ಇವಾಲ್ವ್‌ಗೆ ಗುಮ್ಮಟವೇ ಬೇಕಾದರೆ ಇಲ್ಲಿ ಆ ಹಿಡಿತ ಎಷ್ಟು ಉಳಿದಿದೆ ಎಂದು ತೋರಿಸುವ ಒಂದು ಸೂಚಕ ಸಾಕಾಗಿದೆ, ಏಕೆಂದರೆ ಟ್ಯಾಂಕ್‌ಗೆ ಸಾವಿನ ಭಯವೇ ಕಡಿಮೆ. ಎರಡೂ ಆಟಗಳ ವ್ಯತ್ಯಾಸವನ್ನು ಒಂದೆಡೆ ತೋರಿಸು ಎಂದರೆ ನಾನು ಇದನ್ನೇ ತೋರಿಸುತ್ತೇನೆ.

ನ್ಯಾಚುರಲ್ ಸೆಲೆಕ್ಷನ್ 2 ಸಮತೋಲನವನ್ನು ಹುಡುಕುವುದು ಸಂಪನ್ಮೂಲದಲ್ಲಿ. 2002ರಲ್ಲಿ ಹಾಫ್-ಲೈಫ್ ಆಟದ ಮಾಡ್ (ಇರುವ ಆಟವನ್ನು ಮಾರ್ಪಡಿಸಿ ಮಾಡಿದ ಆಟ) ಆಗಿ ಹುಟ್ಟಿದ ಆಟದ ಮುಂದುವರಿಕೆ ಇದು. ಒಂದೆಡೆ ಬಂದೂಕಿನ ಮರೀನ್‌ಗಳು, ಇನ್ನೊಂದೆಡೆ ಗೋಡೆ ಹತ್ತುವ ಖಾರಾ ಜೀವಿಗಳು. ಎರಡೂ ಕಡೆ ಒಬ್ಬೊಬ್ಬ ಕಮಾಂಡರ್ ಮೇಲಿನಿಂದ ಮ್ಯಾಪ್ ನೋಡುತ್ತ ಕಟ್ಟಡಗಳನ್ನೂ ಸಂಶೋಧನೆಯನ್ನೂ ನಡೆಸುತ್ತಾರೆ. ಮರೀನ್‌ಗಳ ಕಟ್ಟಡಗಳು ಆಯಾ ಕೋಣೆಯ ವಿದ್ಯುತ್ತನ್ನು ನಂಬಿವೆ, ಖಾರಾ ರಚನೆಗಳು ನೆಲದ ಮೇಲೆ ಹರಡುವ ಸೋಂಕಿನ ಪದರವನ್ನು. ಇಲ್ಲಿ ಸಾವಿನ ಬೆಲೆ ಒಂದೇ ಪಕ್ಷದೊಳಗೂ ಬದಲಾಗುತ್ತದೆ, ಮತ್ತು ಬೆಲೆಯನ್ನು ಆರಿಸುವವರು ಆಟಗಾರರೇ. ಸ್ಕಲ್ಕ್ ಎಂಬ ಚಿಕ್ಕ ಖಾರಾ ಜೀವಿಯಾಗಿ ಸತ್ತರೆ ಮೊಟ್ಟೆಯೊಡೆದು ಮತ್ತೆ ಬರುವುದಕ್ಕೆ ಖರ್ಚಿಲ್ಲ. ಕೂಡಿಟ್ಟ ಸಂಪನ್ಮೂಲವನ್ನೆಲ್ಲ ಸುರಿದು ಓನೋಸ್ ಎಂಬ ದೊಡ್ಡ ಖಾರಾ ಜೀವಿಯಾದವರು ಸತ್ತರೆ ಅದಷ್ಟೂ ಹೋಯಿತು. ಹೊಸಬರು ಸ್ಕಲ್ಕ್ ಆಗಿಯೇ ಉಳಿದು, ಎದುರಾಳಿಗೆ ಸಂಪನ್ಮೂಲ ತಂದುಕೊಡುವ ಗಣಿಯಂತ್ರವನ್ನು ಕಚ್ಚುತ್ತ ತಂಡಕ್ಕೆ ನಿಜವಾದ ಉಪಕಾರ ಮಾಡಬಹುದು. ಉಳಿದೆರಡು ಆಟಗಳಲ್ಲಿ ಇಲ್ಲದ ಔದಾರ್ಯ ಇದು, ನಾನು ಈ ಆಟವನ್ನು ಬಹಳವಾಗಿ ಮೆಚ್ಚುವುದು ಈ ಕಾರಣಕ್ಕೆ. ಆಟದ ನಿಯಮಗಳನ್ನೆಲ್ಲ ಲುವಾ ಭಾಷೆಯಲ್ಲಿ ಬರೆದು ತೆರೆದಿಟ್ಟಿರುವುದರಿಂದ, ನಮ್ಮಂಥ ಕಲಿಯುವವರು ಒಂದು ಅಂಕಿಯನ್ನು ಬದಲಿಸಿ ಪರಿಣಾಮವನ್ನು ನೋಡುವುದಕ್ಕೂ ಅವಕಾಶವಿದೆ.

ಆದರೆ ಸಂಪನ್ಮೂಲದ ಮೇಲೆ ನಿಂತ ಆಟಕ್ಕೆ ಅದರದೇ ರೋಗವಿದೆ. ಮೊದಲ ಕೆಲವು ನಿಮಿಷಗಳಲ್ಲಿ ಎರಡು ಗಣಿಗಳನ್ನು ಕಳೆದುಕೊಂಡ ತಂಡ ಅಲ್ಲಿಯೇ ಅರ್ಧ ಸೋತಿರುತ್ತದೆ, ಆ ಸೋಲು ಪೂರ್ಣವಾಗಲು ಮಾತ್ರ ಇನ್ನೂ ಬಹಳ ಹೊತ್ತು ಹಿಡಿಯುತ್ತದೆ. ಮತಹಾಕಿ ಸೋಲೊಪ್ಪಿಕೊಳ್ಳುವ ಸೌಲಭ್ಯ ಆಟದಲ್ಲಿಯೇ ಇರುವುದು ಈ ರೋಗಕ್ಕೆ ಸಾಕ್ಷಿ. ತಂಡದ ಗಾತ್ರವೂ ತೊಡಕು ತರುತ್ತದೆ: ಆರಾರು ಮಂದಿಯ ಪಂದ್ಯಕ್ಕೂ ಹನ್ನೆರಡು ಹನ್ನೆರಡು ಮಂದಿಯ ಪಂದ್ಯಕ್ಕೂ ಮ್ಯಾಪ್ ಅದೇ ಆದ್ದರಿಂದ, ಕೋಣೆಗಳು ಕಿಕ್ಕಿರಿದಷ್ಟೂ ಪಕ್ಕದಿಂದ ನುಸುಳಿ ಕಚ್ಚುವ ಸ್ಕಲ್ಕ್‌ಗೆ ಜಾಗ ಕುಗ್ಗುತ್ತದೆ. ಕಮಾಂಡರ್ ಹೊಸಬರಾದರೆ ಇಡೀ ತಂಡವೇ ಮುಗ್ಗರಿಸುತ್ತದೆ. ಟ್ರ್ಯಾಪರ್‌ನ ಸಮಸ್ಯೆ ಇಲ್ಲಿ ಬೇರೆ ವೇಷದಲ್ಲಿದೆ.

ಬೆಂಗಳೂರಿನಿಂದ ಸಿಂಗಪುರದ ಸರ್ವರ್‌ಗೆ ಜೋಡಿಕೊಂಡು ಆಡುವವರಿಗೆ ಇನ್ನೊಂದು ಅಂಶ ಗೊತ್ತೇ ಇರುತ್ತದೆ. ಸಂಕೇತ ತಡವಾದಾಗ ಬಂದೂಕಿನವರೂ ಉಗುರಿನವರೂ ಸಮನಾಗಿ ನರಳುವುದಿಲ್ಲ. ಸರ್ವರ್ ಕಾಲವನ್ನು ತುಸು ಹಿಂದಕ್ಕೆ ಸರಿಸಿ, ಗುಂಡು ಹಾರಿಸಿದವರು ಕಂಡಂತೆ ಲೆಕ್ಕ ಹಾಕುವಾಗ, ಗೋಡೆಯ ಮರೆಗೆ ಆಗಲೇ ಸರಿದಿದ್ದ ಜೀವಿ ಅಲ್ಲಿಯೇ ಸಾಯುತ್ತದೆ. ವೇಗವಾಗಿ ಸರಿಯುವ ಸ್ಕಲ್ಕ್‌ಗಳಿಗೂ ಹಂಟರ್‌ಗಳಿಗೂ ಈ ನಷ್ಟ ಹೆಚ್ಚು. ಸರದಿ ಬದಲಿಸುವ ಆಟದಲ್ಲಿ ಇಂಥ ನಷ್ಟ ಎರಡೂ ತಂಡಗಳಿಗೆ ಹಂಚಿಹೋಗುತ್ತದೆ, ಬದಲಿಸದ ಆಟದಲ್ಲಿ ಒಂದೇ ಪಕ್ಷದ ಮೇಲೆ ಉಳಿಯುತ್ತದೆ.

ಮೂರರಲ್ಲಿ ಒಂದನ್ನು ಆರಿಸಬೇಕಾದರೆ, ಆಡುವ ಸುಖಕ್ಕೆ ನಾನು ನ್ಯಾಚುರಲ್ ಸೆಲೆಕ್ಷನ್ 2 ಆರಿಸುತ್ತೇನೆ. ಚಿಕ್ಕ ತಂಡವೊಂದು ಮಾದರಿಯಾಗಿ ಇಟ್ಟುಕೊಳ್ಳಲು ಲೆಫ್ಟ್ 4 ಡೆಡ್ 2ರ ವರ್ಸಸ್ ಅನ್ನು, ಯಾವ ಅನುಮಾನವೂ ಇಲ್ಲದೆ. ಸಾವಿರಾರು ಪಂದ್ಯಗಳ ಮಾಹಿತಿ ಕೂಡಿಸಿ ಅಂಕಿಗಳನ್ನು ತಿದ್ದುವ ಶಕ್ತಿ ನಮ್ಮಂಥವರಿಗಿಲ್ಲ. ಹಾಗಾಗಿ ನಮ್ಮ ಆಟದಲ್ಲಿ ಮೂವರು ಕಾವಲುಗಾರರು, ಇಬ್ಬರು ನೆರಳುಜೀವಿಗಳು, ಸುತ್ತು ಮುಗಿದ ಮೇಲೆ ಪಾತ್ರ ಬದಲು. ಬಾಗಿಲುಗಳನ್ನು ಮುಚ್ಚಿ ನೆರಳುಜೀವಿಯನ್ನು ಸಿಕ್ಕಿಸುವ ಶಕ್ತಿ ಮೂವರು ಕಾವಲುಗಾರರಿಗೂ ಇದೆ. ಇದನ್ನು ನೇರವಾಗಿ ಇವಾಲ್ವ್ ಸ್ಟೇಜ್ 2ರಿಂದ ತೆಗೆದುಕೊಂಡೆವು. ಕಮಾಂಡರ್ ಇಲ್ಲ. ಕಾವಲುಗಾರರು ಸತ್ತರೆ ಆ ಸುತ್ತಿಗೆ ಹೊರಗೆ, ನೆರಳುಜೀವಿ ಸತ್ತರೆ ಮತ್ತೆ ಹುಟ್ಟುತ್ತದೆ. ಈಗ ತಿದ್ದುತ್ತಿರುವುದು ಆ ಮರುಹುಟ್ಟಿನ ಸಮಯವನ್ನು: ಅದು 12 ಸೆಕೆಂಡಾದರೆ ಕಾವಲುಗಾರರಿಗೆ ಗುಂಡು ತುಂಬಿ ಮುಂದೆ ಸಾಗಲು ಬಿಡುವಿರುವುದಿಲ್ಲ, 25 ಆದರೆ ಕಾಯುತ್ತ ಕುಳಿತವರ ಆಸಕ್ತಿ ಆರಿಹೋಗುತ್ತದೆ. ಆದ್ದರಿಂದ ಆ ಸಮಯವನ್ನು ಬದುಕಿರುವ ಕಾವಲುಗಾರರ ಸಂಖ್ಯೆಗೆ ಕಟ್ಟಿದ್ದೇವೆ. ಮೂವರೂ ಇದ್ದಾಗ 15 ಸೆಕೆಂಡು, ಒಬ್ಬರೇ ಉಳಿದಾಗ 22. ಉಳಿದ ಆ ಒಬ್ಬರು ಗುರಿಯ ಬಾಗಿಲು ತಲುಪುವುದು ಕಷ್ಟವಾಗಬೇಕು, ಆದರೆ ಪ್ರಯತ್ನಿಸಿ ನೋಡೋಣ ಎನ್ನುವಷ್ಟು ಸಾಧ್ಯವೂ ಆಗಬೇಕು.