ಟೆಕ್ಸಾಸ್‌ನಲ್ಲಿ ಸಿಕ್ಕ ನಮ್ಮ ಚಿಗರಿ

ಮಗಳ ಮನೆಯಲ್ಲಿ ನಾಲ್ಕು ತಿಂಗಳಿದ್ದು ಅಮೆರಿಕದಿಂದ ಮರಳಿದ ಮೇಲೆ, ಬಾಗಲಕೋಟೆಯ ನವನಗರದಲ್ಲಿ ಎದುರಾದವರೆಲ್ಲ ಏನೇನು ನೋಡಿದಿರಿ ಎಂದೇ ಕೇಳುತ್ತಾರೆ. ಎತ್ತರದ ಕಟ್ಟಡಗಳ ಬಗ್ಗೆ ಹೇಳಲು ನನ್ನಲ್ಲಿ ಹೆಚ್ಚೇನಿಲ್ಲ. ಗ್ಲೆನ್ ರೋಸ್ ಎಂಬ ಸಣ್ಣ ಊರಿನ ಬಳಿ ಇರುವ ಫಾಸಿಲ್ ರಿಮ್ ವನ್ಯಜೀವಿ ಕೇಂದ್ರದ ಬಗ್ಗೆ ಮಾತ್ರ ಗಂಟೆಗಟ್ಟಲೆ ಹೇಳಬಲ್ಲೆ. ನಮ್ಮ ಕಡೆಯ ಮಕ್ಕಳು ಡಲ್ಲಾಸ್ ಸುತ್ತಮುತ್ತ ಕೆಲಸದಲ್ಲಿದ್ದಾರೆ. ಅವರನ್ನು ನೋಡಲು ಹೋಗುವ ತಂದೆತಾಯಿಗಳಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಬೀಳಗಿ, ಮುಧೋಳ ತಾಲ್ಲೂಕುಗಳಲ್ಲಿ 31 ವರ್ಷ ಜಾನುವಾರು ಅಧಿಕಾರಿಯಾಗಿದ್ದವನು ನಾನು. ಪ್ರಾಣಿ ಕಂಡರೆ ಮೊದಲು ಅದರ ಗೊರಸು, ಮೂಗು, ಸಗಣಿ ನೋಡುವುದು ರೂಢಿಯಾಗಿಬಿಟ್ಟಿದೆ.

ಡಲ್ಲಾಸ್‌ನಿಂದ ನೈಋತ್ಯಕ್ಕೆ ಸುಮಾರು ಒಂದೂವರೆ ಗಂಟೆಯ ದಾರಿ. ದಾರಿಯ ಬದಿಯಲ್ಲಿ ಮೆಸ್ಕೀಟ್ ಎಂಬ ಮುಳ್ಳುಗಿಡ ಕಂಡೆ. ಎಲೆ, ಕಾಯಿ ನೋಡಿದರೆ ನಮ್ಮ ಬಳ್ಳಾರಿ ಜಾಲಿಯ ಒಡಹುಟ್ಟು. ಬಳ್ಳಾರಿ ಜಾಲಿಯ ಮೂಲವೂ ಅಮೆರಿಕ ಖಂಡವೇ ಅಲ್ಲವೇ! ಕೇಂದ್ರದ ಒಳಗೆ ಸುಣ್ಣಕಲ್ಲಿನ ಗುಡ್ಡಗಳು, ಕುರುಚಲು ಮರಗಳು. ಲೋಕಾಪುರದ ಕಡೆ ಓಡಾಡಿದವರಿಗೆ ಆ ನೆಲ ಪರಕೀಯ ಅನ್ನಿಸುವುದಿಲ್ಲ. ಸುಮಾರು 1,800 ಎಕರೆಯ ಈ ಜಾಗ 1984ರಲ್ಲಿ ಸಾರ್ವಜನಿಕರಿಗೆ ತೆರೆಯಿತು. ಇಲ್ಲಿ ನಮ್ಮದೇ ಕಾರಿನಲ್ಲಿ ನಿಧಾನವಾಗಿ ಸಾಗುತ್ತ ಪ್ರಾಣಿಗಳನ್ನು ನೋಡುವುದು. ಮೊಣಕಾಲು ನೋವಿನ ನನ್ನ ಹೆಂಡತಿಗೆ ಇದಕ್ಕಿಂತ ಅನುಕೂಲವಾದ ಪ್ರಾಣಿ ದರ್ಶನ ಬೇರೆಲ್ಲೂ ಸಿಕ್ಕಿಲ್ಲ.

ಟಿಕೆಟ್‌ನೊಂದಿಗೆ ಪ್ರಾಣಿಗಳ ಆಹಾರದ ಚೀಲ ಕೊಂಡೆವು. ಜಿರಾಫೆಗೆ ಮಾತ್ರ ಕೈಯಿಂದ ಕೊಡಬಹುದು, ಉಳಿದವಕ್ಕೆ ನೆಲಕ್ಕೆ ಎಸೆಯಬೇಕು ಎಂಬುದು ನಿಯಮ. ಈ ನಿಯಮದ ಹಿಂದಿನ ತಿಳಿವಳಿಕೆ ನನಗೆ ಬಹಳ ಹಿಡಿಸಿತು. ಜಿರಾಫೆ ನಮ್ಮ ಎಮ್ಮೆ ಆಕಳಿನಂತೆ ಮೆಲುಕು ಹಾಕುವ ಪ್ರಾಣಿ. ಅದರ ಮೇಲ್ದವಡೆಯಲ್ಲಿ ಮುಂದಿನ ಹಲ್ಲುಗಳೇ ಇಲ್ಲ. ಮೊಳದುದ್ದದ ಕಪ್ಪು ನಾಲಿಗೆ ಚಾಚಿ ಕಾಳು ಎಳೆದುಕೊಳ್ಳುತ್ತದೆ, ಅಷ್ಟೇ. ಮೊಮ್ಮಗಳು ಹೆದರಿ ಕೈ ಹಿಂದೆಗೆದಾಗ ನಾನು ಅವಳ ಅಂಗೈಯನ್ನು ಹಿಡಿದು ಚಪ್ಪಟೆಯಾಗಿ ಚಾಚಿಸಿದೆ. ಆ ನಾಲಿಗೆ ಮುಟ್ಟಿದ ಕ್ಷಣದಲ್ಲಿ ಅವಳು ನಕ್ಕ ನಗು ಈಗಲೂ ಕಿವಿಯಲ್ಲಿದೆ. ಜೀಬ್ರಾ ಹಾಗಲ್ಲ, ಅದು ಕುದುರೆಯ ಜಾತಿ. ಮೇಲೆ ಕೆಳಗೆ ಎರಡೂ ಕಡೆ ಹಲ್ಲು. ಕಚ್ಚಿದರೆ ಬೆರಳು ಉಳಿಯುವುದು ಕಷ್ಟ. ಆಸ್ಟ್ರಿಚ್ ಅಂತೂ ಕಿಟಕಿಗೇ ಕತ್ತು ತೂರಿಸುತ್ತದೆ, ಗಾಜು ಏರಿಸಿಕೊಳ್ಳುವುದು ಒಳ್ಳೆಯದು.

ಮುಂದಿನ ಕಾರಿನಿಂದ ಯಾರೋ ಬ್ರೆಡ್ ಎಸೆದರು. ನನಗೆ ಸಿಟ್ಟು ಬಂತು. ಕಾರಹುಣ್ಣಿಮೆಯ ದಿನ ಎತ್ತುಗಳಿಗೆ ಪ್ರೀತಿಯಿಂದ ಹೋಳಿಗೆ, ಅನ್ನ ತಿನ್ನಿಸಿ, ರಾತ್ರಿ ಹೊಟ್ಟೆಯುಬ್ಬರವಾಗಿ ನನ್ನನ್ನು ಎಬ್ಬಿಸಲು ಬಂದ ರೈತರ ಮುಖಗಳು ನೆನಪಾದವು. ಮೆಲುಕು ಹಾಕುವ ಪ್ರಾಣಿಗೆ ಒಮ್ಮೆಲೇ ಹೆಚ್ಚು ಪಿಷ್ಟ ಹೋದರೆ ಹೊಟ್ಟೆಯಲ್ಲಿ ಆಮ್ಲ ಹೆಚ್ಚಿ ಜೀವಕ್ಕೇ ಕುತ್ತು. ದಯವಿಟ್ಟು ಅಲ್ಲಿ ಕೊಟ್ಟ ಚೀಲದ ಆಹಾರ ಬಿಟ್ಟು ಬೇರೇನನ್ನೂ ಎಸೆಯಬೇಡಿ.

ಕತ್ತಿಯಂತೆ ಹಿಂದಕ್ಕೆ ಬಾಗಿದ ಕೊಂಬಿನ, ಬಿಳಿ ಮೈಯ ಓರಿಕ್ಸ್‌ಗಳ ಹಿಂಡೊಂದು ದಾರಿಗೆ ಅಡ್ಡ ನಿಂತಿತ್ತು. ಸಹಾರಾದ ಅಂಚಿನ ಈ ಪ್ರಾಣಿ ಕಾಡಿನಲ್ಲಿ ಪೂರ್ತಿ ನಾಶವಾಗಿದೆ ಎಂದು 2000ದಲ್ಲಿ ಘೋಷಿಸಲಾಗಿತ್ತು. ಇಂಥ ಆವರಣಗಳಲ್ಲಿ ಉಳಿದ ಹಿಂಡುಗಳ ಸಂತತಿಯನ್ನೇ 2016ರಿಂದ ಆಫ್ರಿಕಾದ ಚಾಡ್ ದೇಶದಲ್ಲಿ ಮತ್ತೆ ಬಯಲಿಗೆ ಬಿಡಲಾಗುತ್ತಿದೆ. ತನ್ನ ನೆಲದಲ್ಲಿ ಇಲ್ಲವಾದ ಜೀವವೊಂದು ನನ್ನ ಕಾರಿನ ಬಾನೆಟ್‌ನಿಂದ ಎರಡು ಮಾರು ದೂರದಲ್ಲಿ ಮೆಲುಕು ಹಾಕುತ್ತಿತ್ತು. ನಾವು ಹತ್ತು ನಿಮಿಷ ಕಾದೆವು. ಯಾರೂ ಹಾರ್ನ್ ಮಾಡಲಿಲ್ಲ.

ಅದಾದ ಮೇಲಿನ ತಿರುವಿನಲ್ಲಿ ಹೆಂಡತಿ ನನ್ನ ತೋಳು ಹಿಡಿದು, "ಅಲ್ಲಿ ನೋಡಿ, ನಮ್ಮ ಚಿಗರಿ!" ಎಂದಳು. ಅವಳ ತವರು ಯಲಬುರ್ಗಾ ಕಡೆ. ಚಿಕ್ಕಂದಿನಲ್ಲಿ ಕಡಲೆ ಹೊಲಕ್ಕೆ ನುಗ್ಗುವ ಚಿಗರಿಗಳನ್ನು ಡಬ್ಬಿ ಬಡಿದು ಓಡಿಸಿದವಳು, ತಪ್ಪುವ ಮಾತೇ ಇಲ್ಲ. ಕಪ್ಪು ಬೆನ್ನು, ಬಿಳಿ ಹೊಟ್ಟೆ, ಕಣ್ಣಿನ ಸುತ್ತ ಬಿಳಿ ಉಂಗುರ, ತಿರುಚಿದ ಕೊಂಬು: ಸಾಕ್ಷಾತ್ ಕೃಷ್ಣಮೃಗ. ಅಲ್ಲಿ ಅದು ವಿದೇಶಿ ಪ್ರಾಣಿ! 1932ರಲ್ಲಿ ಟೆಕ್ಸಾಸ್‌ಗೆ ತಂದವುಗಳ ಸಂತತಿ ಇಂದು ಆ ರಾಜ್ಯದ ರಾಂಚ್ ಎಂಬ ವಿಶಾಲ ಜಾನುವಾರು ಜಮೀನುಗಳಲ್ಲಿ ಸಾವಿರಗಟ್ಟಲೆ ಇದೆ. ನಮ್ಮಲ್ಲಿ ಮುಟ್ಟಿದರೆ ಜೈಲು. ಅಲ್ಲಿನ ಖಾಸಗಿ ಜಮೀನುಗಳಲ್ಲಿ ಹಣ ಕೊಟ್ಟು ಬೇಟೆಯಾಡುತ್ತಾರೆ ಎಂದು ಅಳಿಯ ಹೇಳಿದಾಗ ಹೆಂಡತಿ ಬಹಳ ಹೊತ್ತು ಮಾತಾಡಲಿಲ್ಲ. ಆದರೆ ಪಾಕಿಸ್ತಾನದಲ್ಲಿ ಕೃಷ್ಣಮೃಗ ಅಳಿದುಹೋದಾಗ, 1970ರ ಸುಮಾರಿಗೆ ಅಲ್ಲಿನ ಲಾಲ್ ಸುಹಾನ್ರ ರಾಷ್ಟ್ರೀಯ ಉದ್ಯಾನಕ್ಕೆ ಮತ್ತೆ ಹೋಗಿದ್ದು ಈ ಟೆಕ್ಸಾಸ್ ಹಿಂಡಿನ ಪ್ರಾಣಿಗಳೇ. ಎರಡನ್ನೂ ಅವಳಿಗೆ ಹೇಳಿದೆ, ಎರಡೂ ನಿಜ.

ಬೇಲಿಯಾಚೆ ಚೀತಾಗಳಿದ್ದವು. ಒಂದು ಮರದ ನೆರಳಲ್ಲಿ ಮಲಗಿ ತಲೆ ಮಾತ್ರ ಎತ್ತಿ ನೋಡುತ್ತಿತ್ತು. ಚಿಗರಿಗೆ ಅಷ್ಟು ವೇಗದ ಓಟ ಕಲಿಸಿದ್ದೇ ಚೀತಾ ಎನ್ನುತ್ತಾರೆ. ನಮ್ಮ ದೇಶದಲ್ಲಿ ಚೀತಾ ಇಲ್ಲವಾಯಿತು ಎಂದು 1952ರಲ್ಲಿ ಘೋಷಣೆಯಾಯಿತು. 2022ರಲ್ಲಿ ಮಧ್ಯಪ್ರದೇಶದ ಕುನೋ ಕಾಡಿಗೆ ಆಫ್ರಿಕಾದಿಂದ ತರುವವರೆಗೆ ಎರಡನ್ನೂ ಒಟ್ಟಿಗೆ ಕಾಣುವ ಭಾಗ್ಯ ನಮ್ಮ ದೇಶದ ಬಯಲಿಗೆ ಇರಲಿಲ್ಲ. ಹೆಂಡತಿಯ ಊರಿನ ಚಿಗರಿಯನ್ನೂ ಅದರ ಹಳೆಯ ಶತ್ರುವನ್ನೂ ಒಂದೇ ಬೆಳಿಗ್ಗೆ ನೋಡಲು ನಾವು ಅಷ್ಟು ದೂರ ಹೋಗಬೇಕಾಯಿತು.

ಕೆಲವು ಸಲಹೆಗಳಿವೆ. ಮುಂಗಡವಾಗಿ ಟಿಕೆಟ್ ಮಾಡಿಸಿ. ಬೆಳಿಗ್ಗೆ ಮೊದಲ ಹೊತ್ತಿಗೇ ಒಳಗೆ ಹೋಗಿ. ಅಲ್ಲಿನ ಜುಲೈ ಬಿಸಿಲು ನಮ್ಮ ಏಪ್ರಿಲ್ ಬಿಸಿಲಿಗೆ ಕಡಿಮೆಯಿಲ್ಲ, ಮಧ್ಯಾಹ್ನಕ್ಕೆ ಪ್ರಾಣಿಗಳೆಲ್ಲ ನೆರಳು ಸೇರುತ್ತವೆ. ಹೊರಡುವ ಮುನ್ನವೇ ಶೌಚಾಲಯಕ್ಕೆ ಹೋಗಿ ಬನ್ನಿ, ನಡುದಾರಿಯಲ್ಲಿ ಕಾರಿನಿಂದ ಇಳಿಯುವಂತಿಲ್ಲ. ಗುಡ್ಡದ ಮೇಲಿನ ವಿಶ್ರಾಂತಿ ತಾಣದಲ್ಲಿ ಇಳಿದು ಕೂರಬಹುದು, ಉಪಾಹಾರ ಗೃಹವೂ ಇದೆ. ನಾವು ಕಡಕ್ ರೊಟ್ಟಿ, ಶೇಂಗಾ ಚಟ್ನಿ ಒಯ್ದಿದ್ದೆವು.

ಜಿರಾಫೆಗಳ ಬಳಿ ಕಾರುಗಳು ಸಾಲುಗಟ್ಟುತ್ತವೆ, ಚಿಗರಿಗಳ ಬಳಿ ಯಾರೂ ನಿಲ್ಲುವುದಿಲ್ಲ. ನೀವು ಹಿಂದಿನ ಕಾರುಗಳಿಗೆ ದಾರಿ ಬಿಟ್ಟು ಬದಿಗೆ ನಿಂತು ಎಂಜಿನ್ ಆರಿಸಿ. ಗಂಡು ಚಿಗರಿ ಮೂಗೆತ್ತಿ, ಕೊಂಬನ್ನು ಬೆನ್ನಿಗೆ ಒರಗಿಸಿ ಹೆಣ್ಣುಗಳ ಸುತ್ತ ಹೆಜ್ಜೆ ಹಾಕುವಾಗ ಗೊರಗೊರ ಸದ್ದು ಮಾಡುತ್ತದೆ. ಗಾಜು ಸ್ವಲ್ಪ ಇಳಿಸಿದರೆ ಅದು ಕೇಳಿಸುತ್ತದೆ.