ಬೋಟ್ ಮೋಟಾರ್ ಮೇಲೆ 12 ವೋಲ್ಟ್ ಅಂತ ಬರೆದಿದ್ರೆ ನಂಬ್ಬೇಡಿ ಮಾರಾಯ್ರೆ

ಮಾಡೆಲ್ ಬೋಟ್ ಕಟ್ಟುವವರು ಯಾರಾದ್ರೂ ಇದ್ರೆ ಸ್ವಲ್ಪ ನೋಡಿ. ಮಂಗಳೂರಿನ ಒಂದು ಅಂಗಡಿಯವರು (ಹೆಸರು ಬೇಡ) ನಮ್ಮ ಅಣ್ಣನ ಮಗನಿಗೆ 540 ಸೈಜಿನ ಬ್ರಷ್ ಮೋಟಾರ್, ತ್ರೀ ಎಸ್ ಲಿಪೋ ಬ್ಯಾಟರಿ (ಮೂರು ಸೆಲ್ ಸಾಲಾಗಿ ಜೋಡಿಸಿದ ಲಿಥಿಯಂ ಪಾಲಿಮರ್), 50 ಎಂಎಂ ಹಿತ್ತಾಳೆ ಪ್ರೊಪೆಲ್ಲರ್, ಮೂರೂ ಸೇರಿಸಿ ಸೆಟ್ ಅಂತ ಕೊಟ್ರು. ಇದು ಜಾಸ್ತಿ ಆಗುದಿಲ್ವಾ ಅಂತ ನಾನೇ ಕೇಳಿದ್ದೆ, "ಮೋಟಾರಲ್ಲೇ 6ರಿಂದ 12 ವೋಲ್ಟ್ ಅಂತ ಬರ್ದುಂಟಲ್ಲ ಸಾರ್, ಎಂತದೂ ಆಗುದಿಲ್ಲ" ಅಂತ ಟೇಬಲ್ ಮೇಲೆ ಇಟ್ಟು ತಿರುಗಿಸಿ ತೋರಿಸಿದ್ರು. ಗಾಳಿಯಲ್ಲಿ ಯಾವ ಮೋಟಾರ್ ತಿರುಗುದಿಲ್ಲ ಹೇಳಿ, ಲೋಡೇ ಇಲ್ಲ!

ಮಣಿಪಾಲದ ಮಣ್ಣಪಳ್ಳ ಕೆರೆಯಲ್ಲಿ ಬಿಟ್ಟದ್ದು. ಎರಡು ಸುತ್ತು ಭರ್ಜರಿ ಓಡ್ತು, ಆಮೇಲೆ ನಿಧಾನ ಆಯ್ತು, ಮತ್ತೆ ನಿಂತೇ ಹೋಯ್ತು. ದಡಕ್ಕೆ ಎಳೆದು ಮುಚ್ಚಳ ತೆಗೆದ್ರೆ ವಾರ್ನಿಷ್ ಸುಟ್ಟ ವಾಸನೆ, ಮೋಟಾರ್ ಹಿಂದಿನ ಪ್ಲಾಸ್ಟಿಕ್ ಕ್ಯಾಪ್ ಮೆತ್ತಗಾಗಿ ಬ್ರಷ್ ಓರೆಯಾಗಿತ್ತು, ಒಂದು ವಯರಿನ ಬೆಸುಗೆ ಕರಗಿ ಕಳಚಿ ಬಿದ್ದಿತ್ತು. ಲಿಪೋ ಸ್ವಲ್ಪ ಉಬ್ಬಿತ್ತು, ಅದು ಬೆಂಕಿ ಹಿಡಿಯದ್ದೇ ಪುಣ್ಯ. ಅಂಗಡಿಯವರು ಈಗ ನೀರು ಹೋಗಿರ್ಬೇಕು, ವಾರಂಟಿ ಇಲ್ಲ ಅಂತಾರೆ. ಒಳಗೆ ಒಂದು ಹನಿ ನೀರಿರ್ಲಿಲ್ಲ.

ವಿಷಯ ಏನಂದ್ರೆ ಮೋಟಾರ್ ಮೇಲಿನ ವೋಲ್ಟ್ ಯಾವ ಪ್ರಾಪ್ (ಪ್ರೊಪೆಲ್ಲರ್) ಹಾಕಿದ್ರೆ ಅಂತ ಹೇಳುದಿಲ್ಲ. ಪ್ರಾಪ್ ಸ್ಪೀಡ್ ಡಬಲ್ ಆದ್ರೆ ಬೇಕಾಗೋ ಪವರ್ ಎಂಟು ಪಟ್ಟು. ಅದೇ ಆಕಾರದ ಪ್ರಾಪನ್ನು 35ರಿಂದ 50 ಎಂಎಂಗೆ ಏರಿಸಿದ್ರೆ, ಅದೇ ಸ್ಪೀಡಿಗೆ ಹೆಚ್ಚುಕಮ್ಮಿ ಆರು ಪಟ್ಟು. ಮೋಟಾರ್ ಆ ಸ್ಪೀಡಿಗೆ ಮುಟ್ಟುದಿಲ್ಲ, ಒದ್ದಾಡ್ತಾ ಕರೆಂಟ್ ಎಳೀತದೆ, ಬಿಸಿ ಆಗ್ತದೆ. ಮಲ್ಪೆ ದಕ್ಕೆಯಲ್ಲಿ ಬೋಟಿನ ಮೆಕ್ಯಾನಿಕ್ ಯಾರನ್ನಾದ್ರೂ ಕೇಳಿ, ಪ್ರೊಪೆಲ್ಲರ್ ದೊಡ್ಡದಾದ್ರೆ ಡೀಸೆಲ್ ಎಂಜಿನ್ ಕಪ್ಪು ಹೊಗೆ ಉಗುಳ್ತದೆ, ಇದೂ ಅದೇ ಕಥೆ. ತ್ರೀ ಎಸ್ ಲಿಪೋ ಫುಲ್ ಚಾರ್ಜಲ್ಲಿ 12.6 ವೋಲ್ಟ್ ಬೇರೆ, 11.1 ಅಂತ ಬರ್ದಿರೋದು ಬರೀ ಲೆಕ್ಕಕ್ಕೆ.

ಹಾಗಾಗಿ 540ಕ್ಕೆ ಮೊದಲು ಟೂ ಎಸ್ ಅಥವಾ 7.2 ವೋಲ್ಟ್ ಪ್ಯಾಕ್, 30-35 ಎಂಎಂ ಪ್ಲಾಸ್ಟಿಕ್ ಪ್ರಾಪ್ ಹಾಕಿ. ಮನೆಯಲ್ಲೇ ದೊಡ್ಡ ಟಬ್ಬಿನಲ್ಲಿ ನೀರು ತುಂಬಿಸಿ ಬೋಟನ್ನು ಗಟ್ಟಿ ಹಿಡ್ಕೊಂಡು ಅರ್ಧ ನಿಮಿಷ ಫುಲ್ ಥ್ರಾಟಲ್ ಕೊಡಿ, ಬ್ಯಾಟರಿ ಲೈನಿಗೆ ವಾಟ್ ಮೀಟರ್ ಹಾಕಿ ಆಂಪ್ಸ್ ನೋಡಿ. ಮಾಮೂಲಿ ಕ್ಲ್ಯಾಂಪ್ ಮೀಟರ್ ಎಸಿ ಮಾತ್ರ ತೋರಿಸ್ತದೆ, ಡಿಸಿ ಇರುವುದೇ ಬೇಕು, ಮಲ್ಟಿಮೀಟರಿನ 10 ಆಂಪ್ ತೂತಿಗೆ ಹಾಕಿ ಅದರ ಫ್ಯೂಸ್ ಹಾರಿಸ್ಕೊಳ್ಬೇಡಿ. ಆಮೇಲೆ ಮೋಟಾರ್ ಮುಟ್ಟಿ, ಬೆರಳಿಡ್ಲಿಕ್ಕೆ ಆಗದಷ್ಟು ಬಿಸಿ ಇದ್ರೆ ಪ್ರಾಪ್ ಸಣ್ಣದು ಮಾಡಿ. ಬ್ಯಾಟರಿಯ ಪ್ಲಸ್ ವಯರಿಗೆ ಹತ್ತಿರದಲ್ಲೇ ಕಾರಿಗೆ ಹಾಕೋ ಬ್ಲೇಡ್ ಫ್ಯೂಸ್ ಒಂದು ಹಾಕಿ, ಟಬ್ಬಿನಲ್ಲಿ ಬಂದ ಆಂಪ್ಸಿಗಿಂತ ಸ್ವಲ್ಪ ಮೇಲಿನದ್ದು, ಆದ್ರೆ ಇಎಸ್‌ಸಿ (ಮೋಟಾರ್ ಸ್ಪೀಡ್ ಕಂಟ್ರೋಲ್ ಮಾಡೋ ಸರ್ಕ್ಯೂಟ್) ತಡೆಯೋದಕ್ಕಿಂತ ಕೆಳಗೆ. ಕೆರೆಯಲ್ಲಿ ಕಳೆ ಸುತ್ತಿ ಪ್ರಾಪ್ ಜಾಮ್ ಆದ್ರೆ ಅದೇ ಉಳಿಸೋದು, ಪೇಟೆಯ ಆಟೋ ಇಲೆಕ್ಟ್ರಿಕಲ್ ಅಂಗಡಿಯಲ್ಲಿ ನಾಲ್ಕು ಕಾಸಿಗೆ ಸಿಗ್ತದೆ.

ಉಬ್ಬಿದ ಲಿಪೋ ಯಾರತ್ರ ಉಂಟೋ ಅವರು ಮತ್ತೆ ಚಾರ್ಜಿಗೆ ಹಾಕ್ಬೇಡಿ ಆಯ್ತಾ.